ವಿದ್ಯುತ್ ಚಿಕಿತ್ಸೆ ಮತ್ತು ಹೇಳಿಕೊಳ್ಳಲಾಗದ ತೊಂದರೆಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿಕೊಂಡಾಗ, ನಾನು ಶಾಲೆಯ ಹಳೆಯ ದಿನಗಳನ್ನು ಕುರಿತು ಬರೆಯುವೆನೆಂದು ಅವರು ತಿಳಿದಿದ್ದರು. ಮುಳಿಹುಲ್ಲಿನ ಮಾಡು, ಸೆಗಣಿ ಸಾರಿಸಿದ ನೆಲ, ಮಳೆಗಾಲದಲ್ಲಿ ತೋಡು ದಾಟಿ ಬರುತ್ತಿದ್ದ ಮಕ್ಕಳು, ಇವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆ ವಿದ್ಯಾರ್ಥಿಗಳು ಈ ಕಾಸರಗೋಡು ಸೀಮೆಯಲ್ಲಿ ಹಲವರಿದ್ದಾರೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ಮನೆಗಳಲ್ಲಿ ಇದ್ದೂ ಯಾರ ಬಾಯಲ್ಲೂ ಬಾರದ ವಿಷಯ.

ನಾನು ವೈದ್ಯನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿ, ಶಿಕ್ಷಕರ ತರಬೇತಿ ಪಡೆದು, ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಇಲ್ಲಿ ಬರೆಯುವುದರಲ್ಲಿ ಬಹುಪಾಲನ್ನು ನನಗೆ ಕಲಿಸಿದವಳು ನಮ್ಮ ಶಾಲೆಯಲ್ಲೇ ಓದಿ, ಇಂದು ಮಂಗಳೂರಿನಲ್ಲಿ ಫಿಸಿಯೋಥೆರಪಿ ವೃತ್ತಿಯಲ್ಲಿರುವ ಒಬ್ಬ ಹಳೆ ವಿದ್ಯಾರ್ಥಿನಿ. ಒಂದನೆಯ ತರಗತಿಯಲ್ಲಿ ನಾನು ಕೈಹಿಡಿದು ಅಕ್ಷರ ತಿದ್ದಿಸಿದ ಮಗು, ಎಪ್ಪತ್ತರ ಪ್ರಾಯದಲ್ಲಿ ನನಗೆ ಪಾಠ ಹೇಳಿತು. ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇರೊಂದಿಲ್ಲ.

ನನ್ನ ಬೆನ್ನುನೋವು

2014ರ ಮಳೆಗಾಲಕ್ಕೆ ಮುನ್ನ ಅಂಗಳದಲ್ಲಿದ್ದ ಅಡಿಕೆಯ ಗೋಣಿಯನ್ನು ಜಗಲಿಗೆ ಎತ್ತಿಡಲು ಹೋಗಿ ನನ್ನ ಸೊಂಟ ಹಿಡಿಯಿತು. ಹದಿನೈದು ದಿನಗಳಲ್ಲಿ ಹೋಗುವುದೆಂದುಕೊಂಡ ನೋವು ವರ್ಷಗಟ್ಟಲೆ ಉಳಿಯಿತು. ವೈದ್ಯರು ಪರೀಕ್ಷಿಸಿ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲವೆಂದರು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವಿಗೆ ದೀರ್ಘಕಾಲೀನ ನೋವು ಎಂದು ಹೆಸರು. ಗಾಯ ಮಾಗಿದರೂ ನರಮಂಡಲವು ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತಲೇ ಇರುವುದುಂಟು. ಆದ್ದರಿಂದ ನೋವಿನ ಪ್ರಮಾಣದಷ್ಟೇ ಗಾಯವೂ ಇದೆಯೆಂದು ಭಾವಿಸಬೇಕಾಗಿಲ್ಲ. ಈ ಮಾತು ತಿಳಿಯುವ ತನಕ ನಾನು ಹೆದರಿ ಮಲಗಿದ್ದೇ ಹೆಚ್ಚು. ಮಲಗಿದಷ್ಟೂ ಸ್ನಾಯುಗಳು ಸೊರಗಿದವು, ನೋವು ಬಲಿಯಿತು.

ಆ ಸಮಯದಲ್ಲಿ ಒಂದು ಮೋಸಕ್ಕೂ ಸಿಲುಕಿದೆ. ಪೇಟೆಯ ಸಭಾಭವನವೊಂದರಲ್ಲಿ ಯಾರೋ ಬಂದು ವಿದ್ಯುತ್ ಹಾಸಿಗೆಯ ಮೇಲೆ ಹತ್ತು ದಿನ ಉಚಿತವಾಗಿ ಮಲಗಿಸಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆನ್ನುನೋವು ಎಲ್ಲವೂ ಗುಣವಾಗುವುದೆಂದು ಭಾಷಣ ಮಾಡಿದರು. ಹನ್ನೊಂದನೆಯ ದಿನ ನಾನು ಪಿಂಚಣಿಯ ಹಣವನ್ನು ಕೊಟ್ಟು ಅದನ್ನು ಮನೆಗೆ ತಂದೆ. ಅದು ಈಗ ಅಟ್ಟದಲ್ಲಿದೆ. ಒಂದೇ ಯಂತ್ರವು ಹತ್ತು ರೋಗಗಳನ್ನು ಗುಣಪಡಿಸುತ್ತದೆಂದು ಹೇಳುವವರ ಬಳಿ ಹಣದ ಚೀಲವನ್ನು ಬಿಚ್ಚಬಾರದು ಎಂಬುದು ನಾನು ಬೆಲೆ ತೆತ್ತು ಕಲಿತ ಪಾಠ.

ಮೀನಿನಿಂದ ಯಂತ್ರದವರೆಗೆ

ಹಾಗೆಂದು ವಿದ್ಯುತ್ ಚಿಕಿತ್ಸೆಯೆಲ್ಲವೂ ಮೋಸವಲ್ಲ. ಅದಕ್ಕೆ ದೀರ್ಘವಾದ ಇತಿಹಾಸವಿದೆ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬವನು, ವಿದ್ಯುತ್ ಆಘಾತವನ್ನು ಕೊಡುವ ಟಾರ್ಪಿಡೊ ಎಂಬ ಸಮುದ್ರದ ಮೀನನ್ನು ತಲೆನೋವಿಗೂ ಕಾಲಿನ ಗೌಟ್ ನೋವಿಗೂ ಉಪಯೋಗಿಸಬಹುದೆಂದು ಬರೆದಿಟ್ಟಿದ್ದಾನೆ. ಇಟಲಿಯ ಗಾಲ್ವಾನಿಯು ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಕಂಡು 1791ರಲ್ಲಿ ಪ್ರಕಟಿಸಿದನು. ನರ ಮತ್ತು ಸ್ನಾಯುಗಳು ಕೆಲಸ ಮಾಡುವುದು ವಿದ್ಯುತ್ ಸಂಕೇತಗಳಿಂದಲೇ ಎಂಬ ತಿಳಿವಿಗೆ ಅದು ನಾಂದಿಯಾಯಿತು.

ಆದರೆ ವಿದ್ಯುತ್ತಿನಿಂದ ನೋವು ಏಕೆ ಶಮನವಾಗುತ್ತದೆಂಬುದಕ್ಕೆ ಒಪ್ಪುವಂತಹ ವಿವರಣೆ ದೊರೆತುದು 1965ರಲ್ಲಿ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಝಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಎಂಬವರು ಆ ವರ್ಷ ದ್ವಾರ ನಿಯಂತ್ರಣ ಸಿದ್ಧಾಂತವನ್ನು ಮಂಡಿಸಿದರು. ಅದನ್ನು ನಮ್ಮ ತೋಟದ ಬೇಲಿಯ ತಡಮೆಗೆ ಹೋಲಿಸಬಹುದು. ತಡಮೆಯಲ್ಲಿ ಒಮ್ಮೆಗೆ ಒಬ್ಬನೇ ದಾಟಬಲ್ಲ. ನೋವಿನ ಸಂದೇಶವನ್ನು ತರುವ ನರತಂತುಗಳು ತೆಳುವಾದವು, ನಿಧಾನಗತಿಯವು. ಸ್ಪರ್ಶ, ಕಂಪನಗಳ ಸಂದೇಶವನ್ನು ತರುವ ತಂತುಗಳು ದಪ್ಪನಾದವು, ವೇಗದವು. ಎರಡೂ ಬೆನ್ನುಹುರಿಯ ಒಂದೇ ಎಡೆಗೆ ಬಂದು ಸೇರುತ್ತವೆ. ದಪ್ಪ ತಂತುಗಳ ಸಂದೇಶವು ಧಾರಾಳವಾಗಿ ಬಂದರೆ ತಡಮೆಯು ನೋವಿನ ಪಾಲಿಗೆ ಕಿರಿದಾಗುತ್ತದೆ. ಮೆದುಳಿಗೆ ತಲುಪುವ ನೋವು ಕಡಿಮೆಯಾಗುತ್ತದೆ. ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ತಾಯಿಯು ಆ ಜಾಗದ ಸುತ್ತ ಸವರುವುದಿಲ್ಲವೇ? ಯಾವ ಸಿದ್ಧಾಂತವನ್ನೂ ಓದದ ತಾಯಂದಿರು ಈ ತಡಮೆಯನ್ನು ಮೊದಲಿನಿಂದಲೂ ಬಲ್ಲರು.

1967ರಲ್ಲಿ ವಾಲ್ ಮತ್ತು ಅಮೆರಿಕದ ವಿಲಿಯಂ ಸ್ವೀಟ್ ಎಂಬವರು ತೀವ್ರ ನೋವಿನಿಂದ ಬಳಲುತ್ತಿದ್ದ ಎಂಟು ಮಂದಿ ರೋಗಿಗಳ ನರಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ ನೋಡಿದರು. ಎರಡು ನಿಮಿಷಗಳ ಪ್ರಚೋದನೆಯ ಬಳಿಕ ಅವರಲ್ಲಿ ನಾಲ್ವರಿಗೆ ಅರ್ಧ ಗಂಟೆಗೂ ಮಿಕ್ಕಿ ನೋವು ಶಮನವಾಯಿತು. ಇಂದು ಟೆನ್ಸ್ ಎಂದು ಕರೆಯಲಾಗುವ, ಚರ್ಮದ ಮೂಲಕ ನರವನ್ನು ಪ್ರಚೋದಿಸುವ ಪುಟ್ಟ ಯಂತ್ರವು ಈ ದಾರಿಯಲ್ಲಿ ಬಂದುದು.

'ಕರೆಂಟು ಕೊಡುವುದು' ಎಂದರೆ

ನಮ್ಮಲ್ಲಿ ಫಿಸಿಯೋಥೆರಪಿಗೆ ಹೋಗಿ ಬಂದವರೆಲ್ಲರೂ "ಕರೆಂಟು ಕೊಟ್ಟರು" ಎಂದು ಹೇಳುವುದು ವಾಡಿಕೆ. ಆದರೆ ಅವು ಬೇರೆ ಬೇರೆ. ಟೆನ್ಸ್ ಯಂತ್ರವು ಬ್ಯಾಟರಿಯಿಂದ ನಡೆಯುವ, ಅಂಗೈಯಗಲದ ಸಾಧನ. ಅಂಟುಳ್ಳ ಪ್ಯಾಡುಗಳನ್ನು ನೋವಿನ ಜಾಗದ ಎರಡು ಬದಿಗಳಿಗೆ ಹಚ್ಚಬೇಕು. ಸೆಕೆಂಡಿಗೆ ಸುಮಾರು 80ರಿಂದ 100 ಮಿಡಿತಗಳನ್ನಿಟ್ಟರೆ ಜುಮ್ಮೆನ್ನುವ ಅನುಭವ. ಇದು ತಡಮೆಯ ತತ್ತ್ವದಿಂದ ಕೆಲಸ ಮಾಡುತ್ತದೆ. ಸೆಕೆಂಡಿಗೆ 2ರಿಂದ 10ರಷ್ಟು ನಿಧಾನವಾದ, ಬಲವಾದ ಮಿಡಿತಗಳನ್ನಿಟ್ಟರೆ ಸ್ನಾಯು ಮೆಲ್ಲನೆ ಕುಟುಕಿದಂತಾಗುತ್ತದೆ. ಆಗ ಶರೀರವು ತಾನಾಗಿ ತಯಾರಿಸುವ ಎಂಡಾರ್ಫಿನ್ ಎಂಬ ನೋವುನಿವಾರಕಗಳು ಬಿಡುಗಡೆಯಾಗುತ್ತವೆ.

ಆಸ್ಪತ್ರೆಗಳಲ್ಲಿ ಕಾಣುವ ಐ.ಎಫ್.ಟಿ. ಎಂಬುದು ಇನ್ನೊಂದು ಬಗೆ. ಅದರಲ್ಲಿ ಸೆಕೆಂಡಿಗೆ 4000 ಮತ್ತು 4100 ಆವರ್ತನಗಳಂತಹ ಎರಡು ಪ್ರವಾಹಗಳು ಶರೀರದೊಳಗೆ ಒಂದನ್ನೊಂದು ಸಂಧಿಸಿ, ಅವುಗಳ ವ್ಯತ್ಯಾಸವಾದ 100ರ ಮಿಡಿತವು ಒಳಗೆ ಹುಟ್ಟುತ್ತದೆ. ಶಾರ್ಟ್‌ವೇವ್ ಡಯಾಥರ್ಮಿಯು ನರವನ್ನು ಪ್ರಚೋದಿಸುವುದಿಲ್ಲ, ಆಳವಾಗಿ ಶಾಖವನ್ನು ಕೊಡುತ್ತದೆ. ಅಲ್ಟ್ರಾಸೌಂಡ್ ಚಿಕಿತ್ಸೆಯು ವಿದ್ಯುತ್ತೇ ಅಲ್ಲ, ಶಬ್ದತರಂಗ. ತನಗೆ ಕೊಟ್ಟುದು ಯಾವುದೆಂದು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

ಎಷ್ಟರ ಮಟ್ಟಿಗೆ ನಂಬಬಹುದು?

ಇಲ್ಲಿ ಪ್ರಾಮಾಣಿಕವಾಗಿರಬೇಕು. ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿಗಳನ್ನು ಸಿದ್ಧಪಡಿಸುವ ನೈಸ್ ಎಂಬ ಸಂಸ್ಥೆಯು, ಸೊಂಟನೋವಿಗೆ ಟೆನ್ಸನ್ನು ಕೊಡಬಾರದೆಂದು 2016ರಲ್ಲಿ ಹೇಳಿತು. ಅದೇ ಇಂಗ್ಲೆಂಡಿನ ತಜ್ಞರು 381 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಯಂತ್ರವು ನಡೆಯುತ್ತಿರುವಾಗ ಮತ್ತು ನಿಲ್ಲಿಸಿದ ತತ್‌ಕ್ಷಣದಲ್ಲಿ ನೋವಿನ ತೀವ್ರತೆ ಕಡಿಮೆಯಾಗುತ್ತದೆಂದೂ ಗಂಭೀರವಾದ ಅಪಾಯಗಳು ಕಂಡುಬರಲಿಲ್ಲವೆಂದೂ ಹೇಳಲಾಗಿದೆ. ಇವೆರಡೂ ಮೇಲ್ನೋಟಕ್ಕೆ ತೋರುವಷ್ಟು ವಿರುದ್ಧವಲ್ಲ. ಟೆನ್ಸ್ ನೋವಿನ ಮೂಲವನ್ನು ತೆಗೆಯುವುದಿಲ್ಲ; ಸ್ವಲ್ಪ ಹೊತ್ತು ನೋವನ್ನು ತಗ್ಗಿಸುತ್ತದೆ. ಕೆಲವರಿಗೆ ಅಷ್ಟೂ ಮಾಡುವುದಿಲ್ಲ.

ನಮ್ಮ ವಿದ್ಯಾರ್ಥಿನಿ ನನಗೆ ಹೇಳಿದ ಮಾತು ಇದು: "ಮಾಷ್ಟ್ರೇ, ಯಂತ್ರ ಕಟ್ಟಿಕೊಂಡು ಮಲಗಿದರೆ ಏನೂ ಪ್ರಯೋಜನ ಇಲ್ಲ. ನೋವು ತಗ್ಗಿದ ಆ ಒಂದು ಗಂಟೆಯಲ್ಲಿ ನೀವು ನಡೆಯಬೇಕು. ಗುಣ ಮಾಡುವುದು ನಡಿಗೆ, ಯಂತ್ರ ಅಲ್ಲ." ಅಂದಿನಿಂದ ಬೆಳಗ್ಗೆ ಅರ್ಧ ಗಂಟೆ ಟೆನ್ಸ್ ಹಾಕಿಕೊಂಡು, ಬಳಿಕ ಅವಳು ಹೇಳಿಕೊಟ್ಟ ವ್ಯಾಯಾಮವನ್ನು ಮಾಡಿ, ವಾಚನಾಲಯದವರೆಗೆ ನಡೆದು ಹೋಗುತ್ತೇನೆ. ಮೊದಮೊದಲು ದಿನವೂ ಬೇಕಾಗಿದ್ದ ಯಂತ್ರವು ಈಗ ವಾರಕ್ಕೆ ಒಂದೆರಡು ಸಲ ಸಾಕು. ನೋವು ಪೂರ್ತಿಯಾಗಿ ಹೋಗಿಲ್ಲ. ಆದರೆ ನೋವಿನ ಆಜ್ಞೆಯಂತೆ ನಡೆಯುವುದನ್ನು ನಾನು ಬಿಟ್ಟಿದ್ದೇನೆ.

ಹೇಳಿಕೊಳ್ಳಲಾಗದ ತೊಂದರೆ

ಈಗ ಲೇಖನದ ಮುಖ್ಯ ಭಾಗಕ್ಕೆ ಬರುತ್ತೇನೆ. ನನ್ನ ಪತ್ನಿಯು ಹಲವು ವರ್ಷಗಳಿಂದ ಮದುವೆ, ಉಪನಯನ, ಯಕ್ಷಗಾನಗಳಿಗೆ ಬರುವುದನ್ನು ಒಂದೊಂದಾಗಿ ನಿಲ್ಲಿಸಿದ್ದಳು. ಪ್ರಾಯವಾದಂತೆ ಆಸಕ್ತಿ ಕಡಿಮೆಯಾಯಿತೆಂದು ನಾನು ಭಾವಿಸಿದ್ದೆ. 2019ರಲ್ಲಿ ಮಂಗಳೂರಿನಲ್ಲಿ ನಡೆದ ಮೊಮ್ಮಗಳ ಭರತನಾಟ್ಯದ ರಂಗಪ್ರವೇಶಕ್ಕೂ ಬರಲಾರೆನೆಂದಾಗ ನಾನು ಸಿಟ್ಟಿನಿಂದ ಎರಡು ಮಾತು ಆಡಿದೆ. ಅವಳು ಉತ್ತರಿಸಲಿಲ್ಲ.

ಕೆಲವು ವಾರಗಳ ಬಳಿಕ ನಮ್ಮ ವಿದ್ಯಾರ್ಥಿನಿಯು ತಂಗಿಯ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಳು. ಅಡುಗೆಮನೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಹೊರಡುವಾಗ ಅವಳು ಜಗಲಿಯಲ್ಲಿ ನಿಂತು, "ಮಾಷ್ಟ್ರೇ, ಅಮ್ಮನಿಗೆ ಕೆಮ್ಮಿದಾಗ, ಸೀನಿದಾಗ, ಕೊಡಪಾನ ಎತ್ತಿದಾಗ ಮೂತ್ರ ತಡೆಯುವುದಿಲ್ಲವಂತೆ. ಎಂಟು ವರ್ಷ ಆಯಿತಂತೆ. ನಿಮ್ಮಲ್ಲಿ ಹೇಳಲು ನಾಚಿಕೆ ಎಂದರು" ಎಂದಳು. ಎಂಟು ವರ್ಷ! ಒಂದೇ ಮಾಡಿನ ಕೆಳಗೆ ಬಾಳಿದ ನಾನು, ಊರ ಮಕ್ಕಳ ಮುಖ ನೋಡಿ ಹಸಿವೆಯನ್ನು ಗುರುತಿಸುತ್ತೇನೆಂದು ಹೆಮ್ಮೆಪಡುತ್ತಿದ್ದವನು, ಇದನ್ನು ಗುರುತಿಸಲಿಲ್ಲ.

ಅವಳು ಮೊದಲೊಮ್ಮೆ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿದ್ದಳೆಂಬುದೂ ಆಗಲೇ ತಿಳಿಯಿತು. ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಅವಳಿಗೆ ಬರುತ್ತದೆ. ಆದರೆ ಈ ತೊಂದರೆಯನ್ನು ಹೇಳುವ ಮಾತು ಆ ಭಾಷೆಯಲ್ಲಿ ಅವಳಲ್ಲಿರಲಿಲ್ಲ. ಹೊಟ್ಟೆನೋವೆಂದು ಹೇಳಿ, ಹೊಟ್ಟೆನೋವಿನ ಮಾತ್ರೆಯನ್ನು ತೆಗೆದುಕೊಂಡು ಮರಳಿದ್ದಳು. ಗಡಿನಾಡಿನಲ್ಲಿ ಮಾತೃಭಾಷೆಯ ಪ್ರಶ್ನೆಯನ್ನು ನಾವು ಪಠ್ಯಪುಸ್ತಕ, ನೇಮಕಾತಿಗಳ ಸಂಬಂಧದಲ್ಲಿ ಚರ್ಚಿಸುತ್ತೇವೆ. ವೈದ್ಯರ ಮೇಜಿನ ಮುಂದೆ ಕುಳಿತ ಹೆಂಗಸಿಗೂ ಅದೇ ಪ್ರಶ್ನೆ ಇದೆ. ವೈದ್ಯರನ್ನು ಕಾಣಲು ಹೋಗುವ ಮೊದಲು ಹೇಳಬೇಕಾದುದನ್ನು ಭಾಷೆ ಬಲ್ಲವರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗುವುದು ಒಳ್ಳೆಯದು.

ಶ್ರೋಣಿತಳದ ಸ್ನಾಯುಗಳು

ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು, ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿರುವ ಸ್ನಾಯುಗಳ ಸಮೂಹಕ್ಕೆ ಶ್ರೋಣಿತಳವೆಂದು ಹೆಸರು. ಹೆರಿಗೆ, ದೀರ್ಘಕಾಲದ ಕೆಮ್ಮು, ಮಲಬದ್ಧತೆ, ಭಾರ ಎತ್ತುವ ಕೆಲಸ, ಬೊಜ್ಜು, ಪ್ರಾಯ ಇವುಗಳಿಂದ ಈ ಜೋಲಿಯು ಸಡಿಲವಾಗುತ್ತದೆ. ಆಗ ಕೆಮ್ಮಿದರೆ ಮೂತ್ರ ಸೋರಬಹುದು, ಗರ್ಭಕೋಶ ಜಾರಬಹುದು, ಮಲವನ್ನು ತಡೆಯಲು ಕಷ್ಟವಾಗಬಹುದು. ಪುರುಷರಿಗೂ ಈ ಸ್ನಾಯುಗಳಿವೆ. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ಬಳಿಕ ಮೂತ್ರ ಸೋರುವುದುಂಟು. ಇನ್ನು ಕೆಲವರಲ್ಲಿ ತೊಂದರೆ ಇದಕ್ಕೆ ವಿರುದ್ಧ. ಅವರ ಸ್ನಾಯುಗಳು ಸಡಿಲವಾಗಿರದೆ ಸದಾ ಬಿಗಿದಿರುತ್ತವೆ. ಕೆಳಹೊಟ್ಟೆಯಲ್ಲಿ, ಬಾಲಮೂಳೆಯಲ್ಲಿ ನಿರಂತರವಾದ ನೋವು ಇರುತ್ತದೆ. ಅಂಥವರು ಬಿಗಿಗೊಳಿಸುವ ವ್ಯಾಯಾಮವನ್ನು ಮಾಡಿದರೆ ನೋವು ಹೆಚ್ಚಬಹುದು. ಅವರು ಕಲಿಯಬೇಕಾದುದು ಸಡಿಲಿಸುವುದನ್ನು. ಆದುದರಿಂದ ಪರೀಕ್ಷೆಯಿಲ್ಲದೆ ಚಿಕಿತ್ಸೆಯಿಲ್ಲ.

ಸಡಿಲವಾದ ಸ್ನಾಯುಗಳಿಗೆ ಮೊದಲ ಮದ್ದು ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಇದನ್ನು 1948ರಲ್ಲಿ ಪ್ರಚಾರಕ್ಕೆ ತಂದರು. ವಾಯುವನ್ನೂ ಮೂತ್ರವನ್ನೂ ಏಕಕಾಲದಲ್ಲಿ ತಡೆಹಿಡಿಯುವಂತೆ ಸ್ನಾಯುಗಳನ್ನು ಒಳಕ್ಕೆ, ಮೇಲಕ್ಕೆ ಎಳೆದುಕೊಂಡು, ಕೆಲವು ಸೆಕೆಂಡು ಹಿಡಿದು, ಪೂರ್ತಿಯಾಗಿ ಬಿಡಬೇಕು. ಉಸಿರು ಕಟ್ಟಬಾರದು. ಒಮ್ಮೆಗೆ ಕನಿಷ್ಠ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು ಎಂಬುದು ಇಂದಿನ ಮಾರ್ಗಸೂಚಿ. ಮೂತ್ರ ವಿಸರ್ಜನೆಯ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಸರಿಯಲ್ಲ.

ಹಾಗಾದರೆ ವಿದ್ಯುತ್ತಿಗೆ ಇಲ್ಲೇನು ಕೆಲಸ? ಎಷ್ಟೋ ಮಂದಿಗೆ ಈ ಸ್ನಾಯು ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಬಿಗಿಹಿಡಿಯಿರಿ ಎಂದರೆ ಹೊಟ್ಟೆಯನ್ನೋ ತೊಡೆಯನ್ನೋ ಬಿಗಿಯುತ್ತಾರೆ. ನನ್ನ ಪತ್ನಿಯದೂ ಇದೇ ಸ್ಥಿತಿ. ಅಂಥವರಿಗೆ ಯೋನಿಯೊಳಗೆ ಇಡುವ ಸಣ್ಣ ಸಾಧನದ ಮೂಲಕ, ಸಾಮಾನ್ಯವಾಗಿ ಸೆಕೆಂಡಿಗೆ 35ರಿಂದ 50 ಮಿಡಿತಗಳ ಪ್ರವಾಹವನ್ನು ಕೊಟ್ಟು ಸ್ನಾಯುವನ್ನು ಸಂಕೋಚಿಸುವಂತೆ ಮಾಡುತ್ತಾರೆ. ಕೆಲವು ಸೆಕೆಂಡು ಪ್ರವಾಹ, ಬಳಿಕ ವಿಶ್ರಾಂತಿ. ಯಂತ್ರವು ಎಳೆಯುವಾಗ ರೋಗಿಯೂ ಜೊತೆಗೂಡಿ ಎಳೆಯಬೇಕು. ನೀರು ಕಟ್ಟದ ಪಂಪಿಗೆ ಮೊದಲು ಮೇಲಿನಿಂದ ನೀರು ಹೊಯ್ದು ತುಂಬಿಸುತ್ತೇವಲ್ಲ, ಇದೂ ಹಾಗೆಯೇ. ಒಮ್ಮೆ ಹಿಡಿದುಕೊಂಡರೆ ಮುಂದೆ ಪಂಪು ತಾನೇ ಎಳೆಯುತ್ತದೆ. ತಾವಾಗಿಯೇ ಸ್ನಾಯುವನ್ನು ಬಿಗಿಯಬಲ್ಲವರಿಗೆ ಈ ಯಂತ್ರವು ಸಾಮಾನ್ಯವಾಗಿ ಬೇಕಾಗಿಲ್ಲ.

ಮತ್ತೊಂದು ಬಗೆಯ ತೊಂದರೆಯಲ್ಲಿ, ಮೂತ್ರಕೋಶವು ತುಂಬುವ ಮೊದಲೇ ಅವಸರವಾಗಿ ಓಡಬೇಕಾಗುತ್ತದೆ. ಅದಕ್ಕೆ ಮೂತ್ರದ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ಅಭ್ಯಾಸವನ್ನು ಕನಿಷ್ಠ 6 ವಾರ ಮಾಡಿಸುತ್ತಾರೆ. ಅದರಿಂದಲೂ ಔಷಧಿಗಳಿಂದಲೂ ಗುಣವಾಗದಿದ್ದರೆ, ಕಾಲಿನ ಒಳಹರಡಿನಿಂದ ಮೂರು ಬೆರಳಿನಷ್ಟು ಮೇಲೆ ಸಣ್ಣ ಸೂಜಿಯ ಮೂಲಕ ಟಿಬಿಯಲ್ ನರವನ್ನು ಪ್ರಚೋದಿಸುವ ಕ್ರಮವಿದೆ. ಸೂಜಿಯ ಬದಲು ಪ್ಯಾಡುಗಳನ್ನು ಉಪಯೋಗಿಸುವುದೂ ಇದೆ. ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ. ಮೂತ್ರಕೋಶದ ತೊಂದರೆಗೆ ಕಾಲಿನಲ್ಲಿ ಚಿಕಿತ್ಸೆಯೇ ಎಂದು ಆಶ್ಚರ್ಯವಾಗಬಹುದು. ಕಾಲಿನ ಈ ನರದ ಬೇರುಗಳೂ ಮೂತ್ರಕೋಶವನ್ನು ನಿಯಂತ್ರಿಸುವ ನರಗಳ ಬೇರುಗಳೂ ಬೆನ್ನುಹುರಿಯ ಕೆಳತುದಿಯಲ್ಲಿ ಒಂದೇ ಎಡೆಯಲ್ಲಿ ಕೂಡುತ್ತವೆ.

ನನ್ನ ಪತ್ನಿಯನ್ನು ಮೊದಲು ಸ್ತ್ರೀರೋಗ ತಜ್ಞೆಯೊಬ್ಬರು ಪರೀಕ್ಷಿಸಿದರು. ಮೂತ್ರದಲ್ಲಿ ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ಆರು ವಾರ ವಿದ್ಯುತ್ ಪ್ರಚೋದನೆ, ಜೊತೆಗೆ ವ್ಯಾಯಾಮ. ಆಮೇಲೆ ವ್ಯಾಯಾಮ ಮಾತ್ರ. ಐದನೆಯ ತಿಂಗಳಲ್ಲಿ ಅವಳು ಬಾವಿಕಟ್ಟೆಯಿಂದ ಬಂದು, "ಇವತ್ತು ಕೆಮ್ಮಿದೆ, ಏನೂ ಆಗಲಿಲ್ಲ" ಎಂದಳು. ಪೂರ್ಣವಾಗಿ ಗುಣವಾಗಿದೆಯೆಂದು ಹೇಳಲಾರೆ. ಶೀತವಾದಾಗ ಈಗಲೂ ಒಮ್ಮೊಮ್ಮೆ ತೊಂದರೆಯಿದೆ. ಆದರೆ ಮನೆಯಿಂದ ಹೊರಡಲು ಭಯವಿಲ್ಲ.

ಯಾರು ಉಪಯೋಗಿಸಬಾರದು?

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿದವರು ಹೃದ್ರೋಗ ತಜ್ಞರ ಅನುಮತಿಯಿಲ್ಲದೆ ಯಾವ ವಿದ್ಯುತ್ ಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬಾರದು. ಗರ್ಭಿಣಿಯರ ಹೊಟ್ಟೆ, ಸೊಂಟಗಳಿಗೆ ಪ್ಯಾಡು ಇಡಬಾರದು. ಅಪಸ್ಮಾರವುಳ್ಳವರು, ಕ್ಯಾನ್ಸರ್ ರೋಗಿಗಳು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವುಳ್ಳವರು ವೈದ್ಯರನ್ನು ಕೇಳದೆ ಉಪಯೋಗಿಸಬಾರದು. ಕತ್ತಿನ ಮುಂಭಾಗ, ಕಣ್ಣಿನ ಸುತ್ತ, ಎದೆಗೆ ಅಡ್ಡವಾಗಿ, ಗಾಯದ ಮೇಲೆ, ಸ್ಪರ್ಶಜ್ಞಾನವಿಲ್ಲದ ಚರ್ಮದ ಮೇಲೆ ಪ್ಯಾಡು ಸಲ್ಲದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸ್ನಾನ ಮಾಡುವಾಗ, ನಿದ್ರಿಸುವಾಗ, ವಾಹನ ನಡೆಸುವಾಗ ಟೆನ್ಸ್ ಹಾಕಿಕೊಳ್ಳಬಾರದು. ಯೋನಿಯ ಮೂಲಕ ಕೊಡುವ ಚಿಕಿತ್ಸೆಯನ್ನು ಸೋಂಕು, ಕಾರಣ ತಿಳಿಯದ ರಕ್ತಸ್ರಾವ ಅಥವಾ ಗರ್ಭವಿದ್ದಾಗ ಮಾಡಿಸಬಾರದು. ಅದರ ಸಾಧನವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು. ಮೂತ್ರದಲ್ಲಿ ರಕ್ತ, ಕಾಲುಗಳಲ್ಲಿ ಬಲಹೀನತೆ, ತೊಡೆಗಳ ನಡುವೆ ಜೋಮು, ಒಮ್ಮೆಲೇ ಮೂತ್ರ ಕಟ್ಟುವುದು ಕಂಡುಬಂದರೆ ಯಂತ್ರವನ್ನು ಹುಡುಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಮಾತು

ಇದನ್ನು ಬರೆಯಲೇ ಎಂದು ಪತ್ನಿಯನ್ನು ಕೇಳಿದೆ. "ಬರೆಯಿರಿ. ನನ್ನ ಹೆಸರು ಮಾತ್ರ ಹಾಕಬೇಡಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ನಕ್ಕು, "ಹಾಕದಿದ್ದರೂ ನಿಮ್ಮ ಹೆಂಡತಿ ಯಾರೆಂದು ಊರಿಗೆಲ್ಲ ಗೊತ್ತು" ಎಂದಳು.

ನಾನು ತಪ್ಪೊಪ್ಪಿಕೊಳ್ಳಬೇಕಾದುದೊಂದಿದೆ. ನಮ್ಮ ಶಾಲೆಯ ಮೊದಲ ಹಲವು ವರ್ಷಗಳಲ್ಲಿ ಹೆಣ್ಣುಮಕ್ಕಳಿಗೂ ಅಧ್ಯಾಪಿಕೆಯರಿಗೂ ಶೌಚಾಲಯವಿರಲಿಲ್ಲ. ಅಧ್ಯಾಪಿಕೆಯೊಬ್ಬರು ನನ್ನಲ್ಲಿ ಬಂದು ಕೇಳಿದ್ದರು. ಮುಂದಿನ ವರ್ಷ ನೋಡೋಣವೆಂದೆ. ಆ ವರ್ಷ ಕೂಡಿಬಂದ ಹಣದಲ್ಲಿ ರಂಗಮಂಟಪವನ್ನು ಕಟ್ಟಿಸಿದೆವು. ಆ ತಾಯಂದಿರು, ಆ ಮಕ್ಕಳು ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ದಿನ ಕಳೆದರು. ನೀರು ಕುಡಿಯದಿದ್ದರೆ ಮೂತ್ರ ದಪ್ಪಗಾಗಿ ಮೂತ್ರಕೋಶ ಕೆರಳುತ್ತದೆ, ಸೋಂಕು ತಗಲುತ್ತದೆ, ಮಲಬದ್ಧತೆಯಾಗಿ ಆ ಜೋಲಿಯು ಇನ್ನಷ್ಟು ಜಗ್ಗುತ್ತದೆ ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಕೇಳಿದವರ ಮಾತಿಗೆ ಬೆಲೆ ಕೊಡಲು ಅದು ತಿಳಿದಿರಬೇಕಾಗಿಯೂ ಇರಲಿಲ್ಲ.

ಸುವರ್ಣ ಮಹೋತ್ಸವದ ನೆನಪಿಗಾಗಿ ಮಹಾದ್ವಾರವೊಂದನ್ನು ಕಟ್ಟಿಸಬೇಕೆಂಬ ಮಾತು ಹಳೆ ವಿದ್ಯಾರ್ಥಿಗಳಲ್ಲಿ ನಡೆಯುತ್ತಿದೆಯೆಂದು ಕೇಳಿದ್ದೇನೆ. ಸಂತೋಷ, ಆಗಲಿ. ಆದರೆ ಅದಕ್ಕೆ ಮೊದಲು ಹೆಣ್ಣುಮಕ್ಕಳ ಶೌಚಾಲಯದ ಮುರಿದ ಚಿಲಕಗಳನ್ನು ಸರಿಪಡಿಸಿ, ನಳ್ಳಿಯಲ್ಲಿ ಬೇಸಗೆಯಲ್ಲೂ ನೀರು ಬರುವಂತೆ ಒಂದು ಟಾಂಕಿಯನ್ನು ಇರಿಸಬೇಕೆಂದು ನಿಮ್ಮ ಹಳೆಯ ಮುಖ್ಯೋಪಾಧ್ಯಾಯನ ವಿನಂತಿ. ನನ್ನ ಪಾಲಿನದ್ದನ್ನು ಸಮಿತಿಯ ಕೋಶಾಧಿಕಾರಿಗಳಿಗೆ ಒಪ್ಪಿಸಿದ್ದೇನೆ.

ಉತ್ಸವದ ದಿನ ಸಭಾಂಗಣದ ಎದುರಿನ ಸಾಲಿನಲ್ಲಿ ನಾವಿಬ್ಬರೂ ಇರುತ್ತೇವೆ. ಕಾರ್ಯಕ್ರಮ ಮುಗಿಯುವ ತನಕ ಕೂರುತ್ತೇನೆಂದು ಅವಳೇ ಹೇಳಿದ್ದಾಳೆ.